ಸಣ್ಣ ಕ್ಯಾಮೆರಾ, ದೊಡ್ಡ ಕತ್ತಲು

ಮದುವೆ ಫೋಟೋ ತೆಗೆಯುವವನ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಊರೆಲ್ಲ ಉಂಡು ತೇಗುವ ಹೊತ್ತಿನಲ್ಲಿ ಹೊಟ್ಟೆ ಹಸಿದುಕೊಂಡು ಓಡಾಡುವ ಒಬ್ಬನೇ ಮನುಷ್ಯ ಅವನು. ಹಸಿದವನ ಕಣ್ಣಿಗೆ ಎಲ್ಲವೂ ಕಾಣುತ್ತದೆ. ಆದರೆ ನಾನು ಸಣ್ಣ ಕ್ಯಾಮೆರಾ ಕೊಂಡ ಮೇಲೆ ಆದ ಅವಾಂತರಗಳಿವೆಯಲ್ಲ, ಅಷ್ಟು ನಮ್ಮಪ್ಪನ ಇಡೀ ಸರ್ವೀಸಿನಲ್ಲೂ ಆಗಿರಲಿಕ್ಕಿಲ್ಲ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮದೊಂದು ಸ್ಟುಡಿಯೋ ಇದೆ. ಹಾಕಿದ್ದು ಅಪ್ಪ, ಈಗ ನಡೆಸುವವನು ನಾನು. ದೊಡ್ಡ ಕ್ಯಾಮೆರಾ ಹೊತ್ತು ಹೊತ್ತು ನನ್ನ ಕುತ್ತಿಗೆ ಒಂದು ಕಡೆ ವಾಲಿಕೊಂಡಿತ್ತು. ಡಾಕ್ಟರು "ಭಾರ ಇಳಿಸ್ರಿ" ಅಂದರು. ಹೆಂಡತಿ "ಮೊದ್ಲು ಹೊಟ್ಟೆ ಇಳಿಸ್ರಿ" ಅಂದಳು. ಹೊಟ್ಟೆಗಿಂತ ಕ್ಯಾಮೆರಾ ಇಳಿಸುವುದು ಸುಲಭ ಅನ್ನಿಸಿ ಸಣ್ಣದೊಂದನ್ನು ಕೊಂಡೆ. ಅಂಗೈಯಲ್ಲಿ ಕೂರುತ್ತದೆ, ಆದರೂ ದೊಡ್ಡದರ ಹಾಗೆಯೇ ಲೆನ್ಸ್ ಬಿಚ್ಚಿ ಬೇರೆ ಹಾಕಬಹುದು. ಅಗಲ ಬಾಯಿಯ ಲೆನ್ಸ್ ಒಂದನ್ನು ಹಾಕಿಬಿಟ್ಟರೆ ದೇವರ ಮನೆಯ ಎರಡು ದೀಪದ ಬೆಳಕಿನಲ್ಲೂ ಫ್ಲಾಶ್ ಇಲ್ಲದೆ ಮುಖ ತಿಳಿಯಾಗಿ ಬರುತ್ತದೆ. ನನಗಂತೂ ಸ್ವರ್ಗಕ್ಕೆ ಮೂರೇ ಗೇಣು. ಉಳಿದ ದಾವಣಗೆರೆಗೆ ಹಾಗನ್ನಿಸಲಿಲ್ಲ.

ದೊಡ್ಡದು ಎಲ್ಲೈತೆ?

ನಮ್ಮನ್ನು ಅಪ್ಪನ ಕಾಲದಿಂದ ನಂಬಿಕೊಂಡು ಬಂದ ಮನೆ ಅಂದರೆ ಮಂಡಿಪೇಟೆಯ ಒಬ್ಬ ಸಾಹುಕಾರರದು. ತೊಟ್ಟಿಲು, ಜವಳ, ಗೃಹಪ್ರವೇಶ ಯಾವುದಿದ್ದರೂ ನಾವೇ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡ ಮಗಳಿಗೆ ಹರಿಹರದ ಕಡೆ ಸಂಬಂಧ ಗೊತ್ತಾಗಿ, ದಿನ ಹೇಳಲು ಸಾಹುಕಾರರೇ ಸ್ಟುಡಿಯೋಕ್ಕೆ ಬಂದರು. ಟೇಬಲ್ ಮೇಲಿದ್ದ ಸಣ್ಣ ಕ್ಯಾಮೆರಾವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಏನಪ, ಇದು ಸ್ಯಾಂಪಲ್ಲಾ? ದೊಡ್ಡದು ಎಲ್ಲೈತೆ?"

"ಇದೇ ರೀ ಈಗ. ಕತ್ತಲಾಗೂ ಭಾಳ ಚಂದ ಬರ್ತೈತ್ರಿ."

"ನಮ್ಮ ಮನಿ ಮದ್ವ್ಯಾಗ ಕತ್ತಲು ಯಾಕ ಇರ್ತೈತೆ? ನನ್ನ ಸಣ್ಣ ಮಗಳ ಫೋನೇ ಇದ್ಕಿಂತ ದೊಡ್ಡದೈತಲ್ಲಪ." ಕ್ಯಾಮೆರಾ ಇಟ್ಟು ಎದ್ದರು. "ನಿಮ್ಮಪ್ಪನ ಮುಖ ನೋಡಿ ದೊಡ್ಡವಳ ಮದುವಿ ನಿಂಗೆ ಕೊಟ್ಟೀನಿ. ಒಂದು ಫೋಟೋ ಮಬ್ಬಾಗ್ಲಿ, ಸಣ್ಣವಳ ಮದ್ವಿಗೆ ಹುಬ್ಬಳ್ಳಿಯಿಂದ ಫೋಟೋದವ್ನ ಕರೆಸ್ತೀನಿ ನೋಡು."

ಆ ಮನೆ ಕೈ ಬಿಟ್ಟರೆ ಅವರ ಬೀಗರು, ನೆಂಟರು, ಪಕ್ಕದ ಅಂಗಡಿಯವರು ಎಲ್ಲರೂ ಸಾಲಾಗಿ ಕೈ ಬಿಡುತ್ತಾರೆ. ಆಮೇಲೆ ನನಗೆ ಉಳಿಯುವುದು ಪಾಸ್‌ಪೋರ್ಟ್ ಸೈಜು ಮಾತ್ರ.

ನಮ್ಮ ಆಲ್ಬಂ ಪ್ರಿಂಟ್ ಹಾಕಿಕೊಡುವ ಲ್ಯಾಬಿನ ಸಾಹೇಬರ ಹತ್ತಿರ ಹೋಗಿ ಅಳಲು ತೋಡಿಕೊಂಡೆ. ಅವರು ನಕ್ಕರು. "ಅರೆ ಭಾಯ್, ಜನಕ್ಕೆ ಫೋಟೋ ಆಮೇಲೆ, ಮೊದ್ಲು ಕ್ಯಾಮೆರಾ ಬೇಕು. ಕೆಟ್ಟು ಕೂತಿರೋ ನಿಂದು ಹಳೇ ದೊಡ್ಡದು ಐತಲ್ಲ, ಅದನ್ನ ಕೊಳ್ಳಾಗ ಹಾಕ್ಕಂಡು ಹೋಗು. ಶಾನ್ ಇರ್ತೈತೆ. ಫೋಟೋ ಸಣ್ಣದ್ರಾಗ ತೆಗಿ."

ಎಂಗೇಜ್‌ಮೆಂಟಿಗೆ ಹಾಗೇ ಹೋದೆ. ಬ್ಯಾಟರಿಯೂ ಇಲ್ಲದ ಆ ಹೆಣಭಾರದ ಕ್ಯಾಮೆರಾ ಹೊಟ್ಟೆಯ ಮೇಲೆ ತೂಗುತ್ತಿತ್ತು. ಏನು ಮರ್ಯಾದೆ! ಕೂಡಲು ಕುರ್ಚಿ ಬಂತು, ಕಾಫಿ ಎರಡು ಸಲ ಬಂತು. ನಾನು ಸಣ್ಣದನ್ನು ಕಣ್ಣಿಗೆ ಹಿಡಿದು ಎಲ್ಲರನ್ನೂ ತೆಗೆದೆ. ಮನೆಗೆ ಬಂದು ನೋಡಿದರೆ ತಲೆ ತಿರುಗಿತು. ಗಂಡಿನ ಕಡೆಯವರು ಒಬ್ಬರೂ ಬಿಡದೆ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಅವರ ಪ್ರಕಾರ ನಿಜವಾದ ಕ್ಯಾಮೆರಾ ಇದ್ದದ್ದು ಅಲ್ಲೇ ತಾನೆ? ಆಲ್ಬಂ ತುಂಬ ತಗ್ಗಿದ ತಲೆ, ಕೆಳಗಿಳಿದ ರೆಪ್ಪೆ.

ಹೆದರುತ್ತಲೇ ಆಲ್ಬಂ ಕೊಟ್ಟೆ. ಸಾಹುಕಾರರು ಒಂದೊಂದೇ ಪುಟ ತಿರುವಿದರು. ಕೊನೆಗೆ ಹೆಂಡತಿಯನ್ನು ಕರೆದರು. "ಬಾ ಇಲ್ಲಿ, ನೋಡು. ನಮ್ಮ ಬೀಗರು ಇಷ್ಟು ವಿನಯವಂತ್ರು ಅಂತ ನಂಗೊತ್ತಿದ್ದಿಲ್ಲ. ಒಬ್ರಾದ್ರೂ ತಲೆ ಎತ್ತ್ಯಾರೇನು?"

ಬೆಳಕು ಬರಲಿಲ್ಲ

ಮದುವೆಗೆ ಇನ್ನೂ ದಿನವಿತ್ತು. ಈ ನಡುವೆ ಕುಕ್ಕುವಾಡದಲ್ಲಿ ಒಂದು ಸೀಮಂತ. ನಡುಮನೆಯಲ್ಲಿ ಬಸುರಿಯನ್ನು ಕೂರಿಸಿ, ಸುತ್ತ ಹೆಣ್ಣುಮಕ್ಕಳು ನಿಂತರು. ಕಿಟಕಿಯಿಂದ ಬರುವ ಬೆಳಕು ಅಷ್ಟಕ್ಕಷ್ಟೇ. ನನ್ನ ಕ್ಯಾಮೆರಾಕ್ಕೆ ಅದೇ ಹಬ್ಬ. ಸದ್ದಿಲ್ಲದೆ ನಾಲ್ಕಾರು ಫೋಟೋ ತೆಗೆದು "ಆಯ್ತು ರೀ, ಊಟಕ್ಕೆ ಏಳ್ರಿ" ಅಂದೆ.

ಒಬ್ಬರೂ ಅಲುಗಲಿಲ್ಲ. ಹಿಡಿದ ನಗೆ ಹಿಡಿದ ಹಾಗೇ ಇತ್ತು.

"ಆಯ್ತು ಅಂದ್ನೆಲ್ರೀ."

ಎಲ್ಲರಿಗಿಂತ ಹಿರಿಯ ದೊಡ್ಡಮ್ಮ ತುಟಿ ಅಲುಗಿಸದೆ ಹೇಳಿದರು. "ಎಲ್ಲಿ ಆಯ್ತು? ಬೆಳಕೇ ಬರ್ಲಿಲ್ಲ."

"ಈ ಕ್ಯಾಮೆರಾಕ್ಕೆ ಬೆಳಕು ಬೇಕಿಲ್ರಿ."

"ನಮ್ಗೇನು ತಿಳಿಯಲ್ಲ ಅನ್ಕಂಡೀಯೇನು? ನಾವೂ ಮದುವಿ ಮುಂಜಿ ಕಂಡೀವಿ. ಬೆಳಕು ಬರ್ದೆ ಫೋಟೋ ಹೆಂಗೆ ಬರ್ತೈತೆ?"

ಪರದೆಯಲ್ಲಿ ಫೋಟೋ ತೋರಿಸಿದೆ. ಅದರಲ್ಲಿ ಅವರೇ ಇದ್ದರು, ಅದೇ ಸೀರೆ, ಅದೇ ನಗೆ. ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಇದು ಯಾವಾಗ್ಲೋ ತೆಗ್ದಿದ್ದು. ಈಗಿಂದು ತೆಗಿ."

ಒಳಗೆ ಅನ್ನ ಆರುತ್ತಿತ್ತು. ಹೋಳಿಗೆಯ ವಾಸನೆ ಬೇರೆ ನನ್ನನ್ನು ಕೊಲ್ಲುತ್ತಿತ್ತು. ಕೊನೆಗೆ ಬ್ಯಾಗಿನಿಂದ ಹಳೇ ಫ್ಲಾಶ್ ಒಂದನ್ನು ತೆಗೆದು, ಕ್ಯಾಮೆರಾಕ್ಕೆ ಸಿಕ್ಕಿಸದೆ, ಕೈಯಲ್ಲೇ ಮೇಲೆತ್ತಿ ಗೋಡೆ ಕಡೆ ತಿರುಗಿಸಿ ಗುಂಡಿ ಒತ್ತಿದೆ. ಫಳ್ ಅಂತು. "ಹಾಂ, ಈಗ ಬಂತು!" ಎಂದು ಎಲ್ಲರೂ ಉಸಿರು ಬಿಟ್ಟು ಎದ್ದರು. ಮಂಗಳಾರತಿ ಆಗದೆ ಗುಡಿಯಿಂದ ಯಾರೂ ಹೊರಡುವುದಿಲ್ಲವಲ್ಲ, ಹಾಗೆ. ಅವತ್ತಿನಿಂದ ಪ್ರತಿ ಗುಂಪಿನ ಫೋಟೋ ಆದ ಮೇಲೆ ನಾನು ಗೋಡೆಗೊಂದು ಮಂಗಳಾರತಿ ಮಾಡಿಯೇ ಕಳಿಸುವುದು.

ಆಲ್ಬಂ ಕೊಡಲು ಹೋದಾಗ ದೊಡ್ಡಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಿದ್ದರು. "ನೋಡ್ರಿ, ಬೆಳಕು ಹಾಕಿದ್ಮ್ಯಾಲೆ ಎಷ್ಟು ಚಂದ ಬಂದಾವೆ. ಪಾಪ, ಇವ್ನಿಗೆ ಗೊತ್ತಿದ್ದಿಲ್ಲ. ನಾನೇ ಹೇಳಿಕೊಟ್ಟೆ."

ರವೆ

ಇದು ಚಿಕ್ಕದು. ನಮ್ಮೂರಿನ ಬೆಣ್ಣೆದೋಸೆ ಹೋಟೆಲಿನ ಯಜಮಾನರೊಬ್ಬರು ಗೋಡೆಗೆ ಹಾಕಲು ಕಾವಲಿಯ ಮುಂದೆ ನಿಂತ ತಮ್ಮ ಫೋಟೋ ಬೇಕು ಅಂದರು. ಸೌದೆ ಒಲೆಯ ಹೊಗೆ, ಮಸಿ ಹಿಡಿದ ಒಂದು ಬಲ್ಬು. ಕ್ಯಾಮೆರಾದ ಶಕ್ತಿಯನ್ನೆಲ್ಲ ಏರಿಸಿ ತೆಗೆದೆ. ಅಷ್ಟು ಏರಿಸಿದರೆ ಫೋಟೋದಲ್ಲಿ ಸಣ್ಣಗೆ ಕಾಳುಕಾಳು ಬರುತ್ತದೆ. ನನ್ನ ಕಣ್ಣಿಗೆ ಅದೂ ಚಂದವೇ ಆಗಿತ್ತು. ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿ ಒಯ್ದೆ.

ಯಜಮಾನರು ಹತ್ತಿರ ಬಂದು ನೋಡಿದರು, ದೂರ ಹೋಗಿ ನೋಡಿದರು, ಬೆರಳಿನಿಂದ ಗಾಜು ಒರೆಸಿ ಮತ್ತೆ ನೋಡಿದರು.

"ಮುಖದ ಮ್ಯಾಲೆ ಏನೋ ರವೆ ಉದುರ್ಸಿದಂಗೈತಲ್ರಿ?"

"ಅದು ಹಂಗೇ ಬರ್ತೈತ್ರಿ. ಕತ್ತಲಾಗ ತೆಗೆದ್ರೆ ಸ್ವಲ್ಪ ಕಾಳು ಬಂದೇ ಬರ್ತೈತೆ."

"ಬ್ಯಾಡ್ರಿ, ವಾಪಸ್ ತಗಂಡು ಹೋಗ್ರಿ. ಗಿರಾಕಿ ಏನು ತಿಳ್ಕಂತಾರೆ? ನಮ್ಮ ಹೋಟ್ಲಾಗ ರವೆ ದೋಸೆ ಮಾಡಲ್ಲ."

ಫೋಟೋದಾಗ ಬೆಳಕೈತಲ್ಲ

ನಮ್ಮೂರ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಮಾಲೀಕರು ವೆಬ್‌ಸೈಟಿಗೆ ಒಳಗಿನ ಫೋಟೋ ಬೇಕು ಅಂತ ಕರೆಸಿದರು. ಒಳಗೆ ಹೋದರೆ ಹಗಲಲ್ಲೇ ಅಮಾವಾಸ್ಯೆ. ನನಗೆ ಉಮೇದು ಬಂತು. ಕ್ಯಾಮೆರಾ ಏನೆಂದು ತೋರಿಸಿಯೇ ಬಿಡೋಣ ಅಂತ ತೆಗೆದೆ. ಫೋಟೋದಲ್ಲಿ ಶೆಡ್ಡು ಆಸ್ಪತ್ರೆಯ ಹಾಗೆ ಬೆಳ್ಳಗೆ ಥಳಥಳ ಅನ್ನುತ್ತಿತ್ತು. ಮಾಲೀಕರಿಗೆ ಆದ ಖುಷಿ ನೋಡಿ ನಾನೂ ಹಿಗ್ಗಿದೆ.

ಎರಡು ದಿನ ಬಿಟ್ಟು ಅಲ್ಲಿನ ಕಾರ್ಮಿಕರು ಮೂವರು ಸ್ಟುಡಿಯೋಕ್ಕೆ ಬಂದು ಕೂತರು. ಜಗಳಕ್ಕೆ ಬಂದವರಲ್ಲ, ದುಃಖಕ್ಕೆ ಬಂದವರು. ಹಿರಿಯ ಮೇಸ್ತ್ರಿ ಮಾತು ಶುರು ಮಾಡಿದ.

"ಸರ್, ನಾವು ವರ್ಷದಿಂದ ಟ್ಯೂಬ್‌ಲೈಟ್ ಹಾಕ್ಸ್ರಿ ಅಂತ ಕೇಳ್ತಿದ್ವಿ. ಈ ವಾರ ಹಾಕ್ಸೋರಿದ್ರು. ನಿಮ್ಮ ಫೋಟೋ ನೋಡಿ 'ಇಷ್ಟು ಬೆಳಕೈತಲ್ಲ, ಲೈಟ್ ಯಾಕ?' ಅಂತ ಆರ್ಡರ್ ಕ್ಯಾನ್ಸಲ್ ಮಾಡ್ಯಾರ್ರಿ."

"ನೀವು ಹೇಳ್ಬೇಕಿತ್ತು!"

"ಹೇಳಿದ್ವಿ ಸರ್. 'ನಾವೇನು ಫೋಟೋದಾಗ ಕೆಲಸ ಮಾಡ್ತೀವೇನ್ರಿ' ಅಂತಾನೂ ಕೇಳಿದ್ವಿ. ಕ್ಯಾಮೆರಾ ಸುಳ್ಳು ಹೇಳಲ್ಲ ಅಂದ್ರು."

ನನಗೆ ನಿಜಕ್ಕೂ ಕಸಿವಿಸಿಯಾಯಿತು. ಮರುದಿನವೇ ಹೋಗಿ, "ಮಾಲೀಕ್ರೆ, ಯಂತ್ರದ ಪಕ್ಕ ನಿಮ್ಮದೊಂದು ಫೋಟೋ ಬೇಕೇ ಬೇಕು" ಅಂದೆ. ಅವರು ಅಂಗಿ ಸರಿಮಾಡಿಕೊಂಡು ನಗುತ್ತಾ ನಿಂತರು. ಈ ಸಲ ಬರಿಗಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟೇ ಬರುವ ಹಾಗೆ ಕ್ಯಾಮೆರಾ ತಗ್ಗಿಸಿ ತೆಗೆದು ತೋರಿಸಿದೆ.

"ಇದ್ರಾಗ ನಾನೆಲ್ಲಿದೀನ್ರಿ?"

"ಯಂತ್ರದ ಬಲಗಡೆ ಸರ್. ಹಲ್ಲು ಕಾಣ್ತಾವಲ್ಲ."

ಮುಂದಿನ ವಾರ ಟ್ಯೂಬ್‌ಲೈಟ್ ಬಂದವು. ಮೊದಲನೆಯದನ್ನು ಮಾಲೀಕರು ತಾವು ಫೋಟೋಕ್ಕೆ ನಿಂತಿದ್ದ ಜಾಗದ ಮೇಲೇ ಹಾಕಿಸಿದರಂತೆ.

ಹೊಳೆ ಕಡೆ ಬರ್ರಿ

ಸಾಹುಕಾರರ ಮಗಳ ಮದುವೆ ಹತ್ತಿರವಾಯಿತು. ಲಗ್ನಪತ್ರಿಕೆಗೆ ಪೂಜೆ ಮಾಡಿಸಲು ಎರಡೂ ಕಡೆಯವರು ಹರಿಹರದ ಒಂದು ಹಳೇ ಗುಡಿಗೆ ಹೋದರು. ನಾನೂ ಜೊತೆಗೆ. ಅರ್ಚಕರು ಬಾಗಿಲಲ್ಲೇ ತಡೆದರು. "ಫ್ಲಾಶ್ ಹಾಕೋ ಹಂಗಿಲ್ಲ. ಸ್ವಾಮಿ ಕಣ್ಣು ಕುಕ್ತೈತೆ."

"ಹಾಕೋದೇ ಇಲ್ರಿ" ಅಂದೆ, ಎದೆಯುಬ್ಬಿಸಿ. ಸಾಹುಕಾರರೂ ನೋಡುತ್ತಿದ್ದರಲ್ಲ.

ಈ ಕ್ಯಾಮೆರಾಕ್ಕೆ ಒಂದು ಗುಣವಿದೆ. ಎಂಥ ಕತ್ತಲಲ್ಲೂ ಮನುಷ್ಯರ ಕಣ್ಣು ಹುಡುಕಿ ಅಲ್ಲಿಗೆ ಫೋಕಸ್ ಹಿಡಿಯುತ್ತದೆ. ಗರ್ಭಗುಡಿಯಲ್ಲಿ ಅದಕ್ಕೆ ದೇವರ ಬೆಳ್ಳಿ ಕಣ್ಣು ಸಿಕ್ಕವು. ಮುಗಿಯಿತು. ಮುಂದೆ ನಿಂತ ಬೀಗರೆಲ್ಲ ಮಸುಕು, ದೇವರೊಬ್ಬನೇ ಸ್ಪಷ್ಟ. ಪರದೆ ನೋಡಿ ಸಾಹುಕಾರರ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಅರ್ಚಕರೂ ಪರದೆಗೆ ಇಣುಕಿ ನೋಡಿ ಚೀರಿದರು. "ಅಲ್ಲಿ! ದೀಪದ ಕಂಬದ ಹಿಂದೆ! ಹದಿನೈದು ದಿನದಿಂದ ಹುಡುಕ್ತಿದೀನಿ, ನನ್ನ ಕನ್ನಡಕ!"

ಕೈ ಹಾಕಿ ತೆಗೆದರು, ನಿಜವಾಗಿ ಅಲ್ಲೇ ಇತ್ತು. ಗುಡಿ ತುಂಬ ಗುಸುಗುಸು. ಅಲ್ಲಿಯವರೆಗೆ ಯಾರೂ ನಂಬದ ಕ್ಯಾಮೆರಾವನ್ನು ಎಲ್ಲರೂ ಅತಿಯಾಗಿ ನಂಬಿದರು. ಒಬ್ಬ ಹೆಣ್ಣುಮಗಳು "ನನ್ನ ಓಲೆ ತಿರುಪು ಪೌಳಿಯಾಗ ಬಿದ್ದೈತ್ರಿ, ಒಂದ್ಸಲ ನೋಡ್ರಿ" ಅಂದಳು. ನೋಡಿದೆ, ಸಿಗಲಿಲ್ಲ. ಇನ್ನೊಬ್ಬರು ಹೋದ ವರ್ಷ ಕಳೆದ ಕಾಲುಂಗುರ ಕೇಳಿದರು. ಹೇಗೋ ತಪ್ಪಿಸಿಕೊಂಡು ಹೊರಗೆ ಬಂದೆ. ಸೂರ್ಯ ಮುಳುಗಿದ್ದ. ಬೀದಿಯಲ್ಲಿ ಒಬ್ಬ ಯಜಮಾನ ಕೈಯಲ್ಲಿ ಹಗ್ಗ ಹಿಡಿದು ನನಗಾಗಿ ಕಾಯುತ್ತಿದ್ದ.

"ಕತ್ತಲಾಗ ಕಾಣೋ ಕ್ಯಾಮೆರಾ ನಿಮ್ದೇ ಏನ್ರಿ? ಹಂಗಾದ್ರೆ ಒಂದೀಟು ಹೊಳೆ ಕಡೆ ಬರ್ರಿ. ನಮ್ಮ ಎಮ್ಮಿ ಮನಿಗೆ ಬಂದಿಲ್ಲ. ಮೈ ಕರ್ರಗೈತೆ ನೋಡ್ರಿ, ನಮ್ ಕಣ್ಣಿಗೆ ಬೀಳವಲ್ದು."

ಕರೆಂಟ್ ಹೋದ ಮುಹೂರ್ತ

ಮದುವೆಯೂ ಹರಿಹರದಲ್ಲೇ, ಹಗಲು ಮುಹೂರ್ತ. ಆದರೆ ಅಲಂಕಾರದವರು ಛತ್ರದ ಒಂದು ಕಿಟಕಿಯನ್ನೂ ಬಿಡದೆ ಬಟ್ಟೆಯಿಂದ ಮುಚ್ಚಿ, ಒಳಗೆ ಬಣ್ಣಬಣ್ಣದ ದೀಪ ಹಾಕಿದ್ದರು. ಮದುಮಗ ಜಿಮ್ಮಿಗೆ ಹೋಗುವ ಕಟ್ಟುಮಸ್ತಾದ ಹುಡುಗ. ಸಾಹುಕಾರರು ಬಂದವರಿಗೆಲ್ಲ "ನಮ್ಮ ಅಳಿಯ ಅಕ್ಕಿ ಮೂಟಿ ಒಂದೇ ಕೈಯಾಗ ಎತ್ತುತಾನ್ರಿ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ನನ್ನ ಹತ್ತಿರ ಬಂದಾಗ ಮಾತ್ರ, "ತಾಳಿ ಕಟ್ಟೋ ಫೋಟೋ ಒಂದು ಕೆಟ್ಟಿತೋ, ಹುಬ್ಬಳ್ಳಿ ನಂಬರ್ ನನ್ನ ಜೇಬಿನಾಗೈತೆ" ಅಂದರು.

ಮದುಮಗ ತಾಳಿ ಕೈಗೆತ್ತಿಕೊಂಡ. ಅಯ್ಯನವರು ಮಂತ್ರ ಏರಿಸಿದರು. ಕರೆಂಟ್ ಹೋಯಿತು.

ಹೊರಗೆ ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಒಳಗೆ ಗವ್ವೆನ್ನುವ ಕತ್ತಲು. ಮಂಟಪದ ಎರಡು ಬದಿಗೆ ಎಣ್ಣೆ ದೀಪ, ಅಷ್ಟೇ. ವಿಡಿಯೋದವನು ಕ್ಯಾಮೆರಾ ಇಳಿಸಿ ಹಣೆ ಒರೆಸಿಕೊಂಡ. ಸಾಹುಕಾರರ ದನಿ ಗುಡುಗಿತು. "ಅಯ್ನೋರೆ, ತಡೀರಿ! ಕರೆಂಟ್ ಬರ್ಲಿ. ಇವ್ನ ಆಟದ ಸಾಮಾನಿನಾಗ ಏನೂ ಬರಂಗಿಲ್ಲ!"

ಅಯ್ಯನವರು ಅದಕ್ಕಿಂತ ಜೋರಾಗಿ ಹೇಳಿದರು. "ಮುಹೂರ್ತ ಕರೆಂಟಿನವ್ರದ್ದಲ್ಲ. ಕಟ್ಟಪ್ಪ ನೀನು. ಗಟ್ಟಿಮೇಳ!"

ಓಲಗ ಮೊಳಗಿತು. ಜನ ಕತ್ತಲಲ್ಲಿ ಅಂದಾಜಿನ ಮೇಲೆ ಅಕ್ಕಿಕಾಳು ತೂರಿದರು. ಅರ್ಧಕ್ಕರ್ಧ ನನ್ನ ತಲೆಯ ಮೇಲೆ ಬಿತ್ತು. ಒಂದು ಲೆಕ್ಕಕ್ಕೆ ಅವತ್ತು ನನಗೂ ಮದುವೆಯಾಗಿದೆ. ನಾನು ಲೆನ್ಸಿನ ಬಾಯಿ ಪೂರ್ತಿ ತೆರೆದು, ಮನಸ್ಸಿನಲ್ಲಿ ಅಪ್ಪನನ್ನು ನೆನೆದು, ಸದ್ದಿಲ್ಲದೆ ತೆಗೆಯುತ್ತಾ ಹೋದೆ.

ಕರೆಂಟ್ ಬರುವ ಹೊತ್ತಿಗೆ ಮದುಮಗಳ ಕೊರಳಲ್ಲಿ ತಾಳಿ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಿರುಗಿ ನಿಂತು ಪರದೆ ನೋಡಿದೆ. ಬಂದಿತ್ತು, ಎಲ್ಲವೂ ಬಂದಿತ್ತು, ಬರಬಾರದ್ದೂ ಬಂದಿತ್ತು. ಮೊದಲ ಫೋಟೋದಲ್ಲಿ ಮದುಮಗ ತಾಳಿಯ ಎರಡು ತುದಿ ಹಿಡಿದು ಅವಳ ಕೊರಳ ಹಿಂದೆ ತಡಕಾಡುತ್ತಿದ್ದ. ಎರಡನೆಯದರಲ್ಲಿ ಆ ಮೂಟೆ ಎತ್ತುವ ಕೈಗಳು ನಡುಗಿ, ಒಂದು ತುದಿ ಜಾರಿ ನೇತಾಡುತ್ತಿತ್ತು. ಮೂರನೆಯದರಲ್ಲಿ ಮದರಂಗಿ ಹಚ್ಚಿದ ಎರಡು ಕೈ ಹಿಂದಕ್ಕೆ ಬಂದಿದ್ದವು. ಮದುಮಗಳು ತನ್ನ ತಾಳಿಗೆ ತಾನೇ ಗಂಟು ಹಾಕಿಕೊಳ್ಳುತ್ತಿದ್ದಳು. ಮದುಮಗನ ಮುಖದಲ್ಲಿ ಬದುಕಿದೆಯಾ ಬಡಜೀವವೇ ಅನ್ನುವ ಕಳೆ. ಕಾಳೂ ಇಲ್ಲ, ಮಬ್ಬೂ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಫೋಟೋ ತೆಗೆದಿರಲಿಲ್ಲ.

ಬಂದಿದೆ ಅಂದರೆ ಅಳಿಯನ ಮಾನ ಹೋಗುತ್ತದೆ, ಬಂದಿಲ್ಲ ಅಂದರೆ ನನ್ನ ಅನ್ನ ಹೋಗುತ್ತದೆ. ಯೋಚಿಸಲು ಬಿಡದೆ ಸಾಹುಕಾರರು ಬಂದು "ತೋರ್ಸು ಇಲ್ಲಿ" ಎಂದು ಕ್ಯಾಮೆರಾ ಕಿತ್ತುಕೊಂಡರು. ಮೊದಲನೆಯದು ನೋಡಿದರು, ಹುಬ್ಬು ಮೇಲೇರಿತು. ಎರಡನೆಯದು. ಮೂರನೆಯದು ನೋಡಿದಾಗ ಕಿವಿ ಕೆಂಪಾದವು. ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ ಕ್ಯಾಮೆರಾ ಕೈಗೆ ತುರುಕಿದರು.

"ಕ್ಯಾಮೆರಾ ಒಪ್ಕಂಡೆ ಕಣಪ. ಸಣ್ಣವಳ ಮದುವಿನೂ ನಿಂದೇ. ಆದ್ರೆ ಇದನ್ನ ಈಗಿಂದೀಗ್ಲೇ ಅಳಿಸು."

ಮಂಟಪದ ಮೇಲಿಂದಲೇ ಮಗಳಿಗೆ ಅಂದಾಜು ಸಿಕ್ಕಿತ್ತು. ಹಾರ ಎತ್ತಿ ಹಿಡಿದುಕೊಂಡು ಇಳಿದು ಬಂದು, ನೋಡಿ, ಬಾಯಿ ತುಂಬ ನಕ್ಕಳು. "ಅಪ್ಪಾ, ಅಳಿಸಿದ್ರೆ ನೋಡು. ನಾ ಕಟ್ಟಿದ್ದು ನಂಗೆ ಬೇಕು. ಅಣ್ಣ, ಇದನ್ನ ದೊಡ್ಡದು ಮಾಡಿ ಫ್ರೇಮ್ ಹಾಕ್ಸ್ರಿ."

ಅವಳ ಹಿಂದೆ ಬಂದ ಮದುಮಗ ಮೆಲ್ಲಗೆ ಹೇಳಿದ. "ನಂಗೂ ಒಂದು ಕಾಪಿ ಸರ್."

ಸಾಹುಕಾರರಿಗೆ ತಡೆಯಲಾಗಲಿಲ್ಲ. "ನಾಚಿಕಿ ಆಗಲ್ವೇನ್ರೋ? ಮೂಟಿ ಎತ್ತೋ ಕೈ ಒಂದು ದಾರಕ್ಕೆ ನಡುಗ್ತಾವಂದ್ರೆ! ನಮ್ಮ ಮನೆತನದಾಗ ಹಿಂಗೆ ಯಾವತ್ತೂ ಆಗಿಲ್ಲ. ಏಯ್, ಅಳಿಸು ಅಂದ್ನಲ್ಲ!"

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅಂಥ ಫೋಟೋ ಇನ್ನೊಮ್ಮೆ ಸಿಗುವುದಿಲ್ಲ. ಆದರೆ ಸಣ್ಣವಳ ಮದುವೆ, ಅದರ ಹಿಂದಿರುವ ಇಡೀ ಮಂಡಿಪೇಟೆ ಆ ಬೆರಳಿನ ತುದಿಯಲ್ಲಿತ್ತು. ಅಷ್ಟರಲ್ಲಿ ಸಾಹುಕಾರರ ಹೆಂಡತಿ ಬಂದು ನನ್ನ ಕೈಯಿಂದ ಕ್ಯಾಮೆರಾ ಇಸಿದುಕೊಂಡರು. ಮದುವೆಯ ಮನೆಯಲ್ಲಿ ಬೆಳಗಿನಿಂದ ಒಂದು ಮಾತೂ ಆಡದ ಹೆಣ್ಣುಮಗಳು. ಫೋಟೋವನ್ನು ನಿಧಾನವಾಗಿ ನೋಡಿದರು. ಆಮೇಲೆ ಗಂಡನನ್ನು ಇನ್ನೂ ನಿಧಾನವಾಗಿ ನೋಡಿದರು.

"ಅಳಿಸಬ್ಯಾಡಪ, ಇರ್ಲಿ" ಅಂದರು ನನಗೆ. ಸಾಹುಕಾರರ ಕಡೆ ತಿರುಗಿದರು. "ಮನೆತನದಾಗ ಆಗಿಲ್ಲೇನ್ರಿ? ನನ್ನ ಮೂರೂ ಗಂಟು ಯಾರು ಹಾಕಿದ್ದು ಅಂತ ಬೀಗರ ಮುಂದೆ ಹೇಳ್ಲಾ? ಪಾಪ, ಈ ಹುಡುಗ್ಗೆ ಕರೆಂಟಾದ್ರೂ ಇರ್ಲಿಲ್ಲ. ನಿಮ್ಗೆ ಕರೆಂಟಿತ್ತು."